ಹೊಲಿಗೆ ಕಾಣುವ ದೆವ್ವಗಳು

ಎಂಬತ್ತರ ದಶಕದ ನಡುವೆ ಹುಮನಾಬಾದಿನ ಚಿತ್ರಮಂದಿರವೊಂದರಲ್ಲಿ ನೋಡಿದ ಹಿಂದಿ ಸಿನಿಮಾದ ಹೆಸರು ಈಗ ನೆನಪಿಲ್ಲ. ರಾಮ್ಸೆ ಸಹೋದರರದ್ದೋ, ಅವರನ್ನು ಅನುಕರಿಸಿ ಹೊರಟ ಹತ್ತಾರು ಮಂದಿಯಲ್ಲಿ ಒಬ್ಬರದ್ದೋ ಇರಬೇಕು. ಆದರೆ ಒಂದು ದೃಶ್ಯ ಮಾತ್ರ ಮಾಸಿಲ್ಲ. ಪಾಳುಬಿದ್ದ ಹವೇಲಿಯ ನೆಲಮಾಳಿಗೆಯಿಂದ ದೆವ್ವ ಮೇಲೇಳುತ್ತದೆ; ಹೊಗೆ, ಕೆಂಪು ಬೆಳಕು, ಎದೆ ನಡುಗಿಸುವ ಸದ್ದು. ಬಸವಕಲ್ಯಾಣದಿಂದ ಬಸ್ಸು ಹಿಡಿದು ಬಂದಿದ್ದ ನಾವು ಹುಡುಗರೆಲ್ಲ ಕಣ್ಣು ಮುಚ್ಚಿಕೊಂಡೆವು. ಆಗ ಮುಂದಿನ ಸಾಲಿನಿಂದ ಹಿರಿಯರೊಬ್ಬರ ದನಿ ಕೇಳಿತು: ‘ಏ, ಕೊಳ್ಳಾಗ ನೋಡ್ರೋ, ಹೊಲಿಗಿ ಕಾಣಲತ್ತದ!’ ಇಡೀ ಮಂದಿರ ನಕ್ಕಿತು. ಕಣ್ಣು ತೆರೆದು ನೋಡಿದರೆ ಹೌದು, ದೆವ್ವದ ಮುಖವಾಡ ಗದ್ದದ ಕೆಳಗೆ ಮುಗಿದು, ದಪ್ಪ ಹೊಲಿಗೆಯಾಚೆ ಯಾರೋ ನಟನ ಬೆವರಿದ ಕೊರಳು ಕಾಣುತ್ತಿತ್ತು.

ಈ ಸೀಮೆಗೆ ಇಂತಹ ಸಿನಿಮಾಗಳು ತಲುಪಿದ ದಾರಿಗೂ ಒಂದು ಚರಿತ್ರೆಯಿದೆ. ಹೈದರಾಬಾದ್ ಸಂಸ್ಥಾನದ ಭಾಗವಾಗಿದ್ದ ಬೀದರ್ 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದರೂ, ಚಿತ್ರ ವಿತರಣೆಯ ನಕ್ಷೆಯಲ್ಲಿ ‘ನಿಜಾಂ’ ವಲಯದಲ್ಲೇ ಉಳಿಯಿತು. ಕನ್ನಡ, ಮರಾಠಿ, ತೆಲುಗು, ದಖನಿ ಉರ್ದು ಒಂದೇ ಸಂತೆಯಲ್ಲಿ ಬೆರೆಯುವ ಊರುಗಳಲ್ಲಿ ಹಿಂದಿ ಸಿನಿಮಾಕ್ಕೆ ಭಾಷೆಯ ಅಡ್ಡಿ ಇರಲಿಲ್ಲ. ದೊಡ್ಡ ಊರುಗಳಲ್ಲಿ ಓಡಿ ಸವೆದ ಪ್ರತಿಗಳು ನಮ್ಮ ಪಾಲಿಗೆ ಬರುತ್ತಿದ್ದವು. ರೈಲು ನಿಲ್ಲದ ಊರುಗಳೇ ರಾಮ್ಸೆಯವರ ಮಾರುಕಟ್ಟೆ ಎಂಬ ಮಾತು ಹಿಂದಿ ಚಿತ್ರೋದ್ಯಮದಲ್ಲಿ ಪ್ರಚಲಿತವಾಗಿತ್ತು. ಹುಮನಾಬಾದಿಗೆ ಆಗ ರೈಲೇ ಇರಲಿಲ್ಲ. ಬೀದರ್–ಕಲಬುರಗಿ ಮಾರ್ಗ ಪೂರ್ಣಗೊಂಡು ಉದ್ಘಾಟನೆಯಾದದ್ದು 2017ರಲ್ಲಿ.

ರಾಮ್ಸೆಯವರ ಕಥೆಯೂ ಕುತೂಹಲಕರವಾದುದು. ಕರಾಚಿಯಲ್ಲಿ ರೇಡಿಯೊ ಅಂಗಡಿ ನಡೆಸುತ್ತಿದ್ದ ಎಫ್.ಯು. ರಾಮಸಿಂಘಾನಿ ದೇಶ ವಿಭಜನೆಯ ಬಳಿಕ ಮುಂಬೈಗೆ ಬಂದರು. ಇಂಗ್ಲಿಷ್ ಗಿರಾಕಿಗಳ ನಾಲಿಗೆಗೆ ಹೊರಳದ ಆ ಹೆಸರು ಅದಾಗಲೇ ‘ರಾಮ್ಸೆ’ ಆಗಿತ್ತು. 1970ರಲ್ಲಿ ಅವರು ನಿರ್ಮಿಸಿದ ‘ಏಕ್ ನನ್ಹೀ ಮುನ್ನೀ ಲಡಕೀ ಥೀ’ ಸೋತಿತು. ಆದರೆ ಪೃಥ್ವಿರಾಜ್ ಕಪೂರ್ ವಿಕಾರ ಮುಖವಾಡ ತೊಟ್ಟು ಕಳವಿಗೆ ಬರುವ ಒಂದು ದೃಶ್ಯಕ್ಕಾಗಿಯೇ ಜನ ಮತ್ತೆ ಬರುತ್ತಿರುವುದನ್ನು ಮಕ್ಕಳು ಗಮನಿಸಿದರು. ಎರಡು ವರ್ಷಗಳ ಬಳಿಕ, ಮಹಾಬಲೇಶ್ವರದಲ್ಲಿ ಚಿತ್ರೀಕರಿಸಿದ ‘ದೋ ಗಜ್ ಜಮೀನ್ ಕೇ ನೀಚೇ’ ತೆರೆಕಂಡಿತು. ಏಳು ಜನ ಅಣ್ಣತಮ್ಮಂದಿರು ನಿರ್ದೇಶನ, ಛಾಯಾಗ್ರಹಣ, ಧ್ವನಿಗ್ರಹಣ, ಬರವಣಿಗೆ, ಸಂಕಲನಗಳನ್ನು ಹಂಚಿಕೊಂಡು ದುಡಿಯುತ್ತಿದ್ದರು. ಒಕ್ಕಲುತನದ ಮನೆಯಂತೆ ನಡೆದ ಸಿನಿಮಾ ಅದು. 1984ರ ‘ಪುರಾನಾ ಮಂದಿರ್’ ಆ ವರ್ಷದ ದೊಡ್ಡ ಗಳಿಕೆಯ ಚಿತ್ರಗಳಲ್ಲಿ ಒಂದಾಯಿತು. ಅದರಲ್ಲಿ ಸಾಮ್ರಿ ಎಂಬ ರಕ್ಕಸನಾಗಿ ಊರೂರುಗಳ ನಿದ್ದೆ ಕೆಡಿಸಿದ ಅನಿರುದ್ಧ ಅಗರ್ವಾಲ್, ರೂರ್ಕಿಯಲ್ಲಿ ಓದಿದ ಸಿವಿಲ್ ಎಂಜಿನಿಯರ್.

ಇದು ನಮ್ಮಲ್ಲಿ ಮಾತ್ರ ನಡೆದ ವಿದ್ಯಮಾನವಲ್ಲ. ಅರವತ್ತು, ಎಪ್ಪತ್ತರ ದಶಕಗಳಲ್ಲಿ ಇಟಲಿ, ಸ್ಪೇನ್, ಫ್ರಾನ್ಸ್‌ಗಳಲ್ಲಿಯೂ ಅಗ್ಗದ ಭಯಾನಕ ಚಿತ್ರಗಳ ಸುಗ್ಗಿ ನಡೆಯಿತು. ಇಟಲಿಯ ಮಾರಿಯೊ ಬಾವಾ 1965ರಲ್ಲಿ ಅನ್ಯಗ್ರಹವೊಂದರ ಕಥೆ ಹೇಳಲು ಹೊರಟಾಗ ಕೈಯಲ್ಲಿದ್ದದ್ದು ಯಾವುದೋ ಪೌರಾಣಿಕ ಚಿತ್ರದಿಂದ ಉಳಿದ ಎರಡು ಪ್ಲಾಸ್ಟಿಕ್ ಬಂಡೆಗಳು ಎಂದು ಅವರೇ ಹೇಳಿಕೊಂಡಿದ್ದರು. ಹೊಗೆ, ಕನ್ನಡಿ, ಬಣ್ಣದ ಬೆಳಕುಗಳಿಂದ ಅವರು ಅವುಗಳನ್ನೇ ಒಂದು ಲೋಕವಾಗಿಸಿದರು. ಸ್ಪೇನಿನ ಪಾಲ್ ನಾಶಿ ಮೂಲತಃ ಭಾರ ಎತ್ತುವ ಕ್ರೀಡಾಪಟು. 1968ರಲ್ಲಿ ಅವರು ತೋಳಮನುಷ್ಯನ ಪಾತ್ರ ಬರೆದಾಗ, ಸ್ಪೇನಿನವನೊಬ್ಬ ತೋಳವಾಗುವುದನ್ನು ಸರ್ವಾಧಿಕಾರಿ ಫ್ರಾಂಕೊ ಆಡಳಿತದ ಸೆನ್ಸಾರ್ ಒಪ್ಪಲಿಲ್ಲ. ಆ ಪಾತ್ರವನ್ನು ಪೋಲೆಂಡಿನವನನ್ನಾಗಿ ಮಾಡಬೇಕಾಯಿತು. ದೆವ್ವಕ್ಕೂ ಪರದೇಶದ ಪಾಸ್‌ಪೋರ್ಟ್! ಫ್ರಾನ್ಸಿನ ಜಾನ್ ರೋಲಾನ್ ಅವರ ಮೊದಲ ರಕ್ತಪಿಶಾಚಿ ಚಿತ್ರ 1968ರ ಮೇ ತಿಂಗಳ ಮುಷ್ಕರದ ನಡುವೆ ಪ್ಯಾರಿಸ್ಸಿನಲ್ಲಿ ತೆರೆಕಂಡು, ತಲೆಬುಡ ತಿಳಿಯದ ಪ್ರೇಕ್ಷಕರ ಕೋಪಕ್ಕೆ ಗುರಿಯಾಯಿತು. ಇವರನ್ನೆಲ್ಲ ಅಂದಿನ ಗಂಭೀರ ವಿಮರ್ಶೆ ಹೆಚ್ಚಾಗಿ ಕಡೆಗಣಿಸಿತು. ಇಂದು ಚಲನಚಿತ್ರೋತ್ಸವಗಳು ಇವರ ಕೃತಿಗಳನ್ನು ದುರಸ್ತಿಗೊಳಿಸಿ ಪ್ರದರ್ಶಿಸುತ್ತವೆ. ರಾಮ್ಸೆಯವರ ಚಿತ್ರಗಳನ್ನು ಡಿಸ್ಕ್ ರೂಪದಲ್ಲಿ ಜತನದಿಂದ ಹೊರತಂದವರೂ ಪಶ್ಚಿಮದ ಅಭಿಮಾನಿಗಳೇ.

ಹಾಗಾದರೆ ಈ ದೋಷಪೂರ್ಣ ಚಿತ್ರಗಳ ಆಕರ್ಷಣೆ ಎಲ್ಲಿದೆ? ಕೆಟ್ಟದ್ದನ್ನು ನೋಡಿ ನಗುವ ನಗರದ ಜಾಣತನ ಒಂದು ಉತ್ತರ. ನನಗೆ ಅದು ಸಾಲದು. ಆ ದಿನ ಹುಮನಾಬಾದಿನಲ್ಲಿ ನಕ್ಕವರು ಅದಕ್ಕೂ ಮೊದಲು ಹೆದರಿದ್ದರು. ನಕ್ಕ ಮೇಲೂ ಮುಂದಿನ ದೃಶ್ಯಕ್ಕೆ ಮತ್ತೆ ಹೆದರಿದರು. ಬಯಲಾಟದಲ್ಲಿ ರಾಕ್ಷಸ ವೇಷಧಾರಿ ಊರಿನ ಯಾರ ಮಗನೆಂದು ಗೊತ್ತಿದ್ದೂ ಅವನ ಅಬ್ಬರಕ್ಕೆ ಬೆಚ್ಚಿಬೀಳುವ ಪ್ರೇಕ್ಷಕರ ಮನಃಸ್ಥಿತಿ ಅದು. ಹೊಲಿಗೆ ಕಂಡರೂ ಆಟ ಕೆಡುವುದಿಲ್ಲ. ಭಯವನ್ನು ಮನುಷ್ಯರೇ ಕೂಡಿ ತಯಾರಿಸಿದ್ದಾರೆ, ಟಿಕೆಟಿನ ಬೆಲೆಗೆ ಮೂರು ತಾಸು ಬಾಡಿಗೆಗೆ ಕೊಟ್ಟಿದ್ದಾರೆ ಎಂಬ ಅರಿವು ಒಳಗೆಲ್ಲೋ ಎಚ್ಚರವಾಗಿರುತ್ತದೆ.

ಈ ಅರಿವಿನ ಬೆಲೆ ತಿಳಿಯಬೇಕಾದರೆ ಚಿತ್ರಮಂದಿರದಿಂದ ಹೊರಗೆ ಬರಬೇಕು. ಬೀದರ್, ಕಲಬುರಗಿ ಸೀಮೆಯ ಹಳ್ಳಿಗಳಲ್ಲಿ ‘ಬಾನಾಮತಿ’ ಎಂಬ ಮಾತು ಕೇಳಿದರೆ ದೊಡ್ಡವರೂ ದನಿ ತಗ್ಗಿಸುತ್ತಿದ್ದ ಕಾಲವದು. ಮೈಮೇಲೆ ಬರೆ ಮೂಡಿದರೂ, ಮನೆಯ ಮೇಲೆ ಕಲ್ಲು ಬಿದ್ದರೂ, ಹೆಂಗಸೊಬ್ಬಳು ಕೂಗಾಡಿದರೂ ಕಾರಣ ಒಂದೇ. ಯಾರೋ ಮಾಡಿಸಿದ್ದಾರೆ! ಆ ‘ಯಾರೋ’ ಸಾಮಾನ್ಯವಾಗಿ ದಿಕ್ಕಿಲ್ಲದ ಮುದುಕಿಯೋ ವಿಧವೆಯೋ ಆಗಿರುತ್ತಿದ್ದಳು. ಮಂತ್ರ ಉಚ್ಚರಿಸಲಾಗದಂತೆ ಶಂಕಿತರ ಹಲ್ಲು ಕಿತ್ತ ಕ್ರೌರ್ಯ ಗಡಿಯಾಚೆಯ ಮೇದಕ್ ಸೀಮೆಯಿಂದ ವರದಿಯಾಗಿದೆ. ಕ್ಷುದ್ರ ದೈವಗಳ ಭಯವನ್ನು 12ನೇ ಶತಮಾನದಲ್ಲೇ ಪ್ರಶ್ನಿಸಿದ ಶರಣರ ಕಲ್ಯಾಣದ ಸುತ್ತಲೇ ಇದೆಲ್ಲ ಉಳಿದುಬಂದದ್ದು ವಿಷಾದದ ಸಂಗತಿ. ಅಮಾನವೀಯ ಆಚರಣೆಗಳು ಮತ್ತು ವಾಮಾಚಾರವನ್ನು ತಡೆಯುವ ಕಾಯ್ದೆಯನ್ನು ರಾಜ್ಯ ರೂಪಿಸಿದ್ದು 2017ರಲ್ಲಿ. ಅದು ಜಾರಿಗೆ ಬಂದದ್ದು 2020ರ ಜನವರಿಯಲ್ಲಿ.

ಬಾನಾಮತಿಯ ಭಯಕ್ಕೆ ಹೊಲಿಗೆ ಕಾಣುವುದಿಲ್ಲ. ಅದಕ್ಕೆ ನಿರ್ದೇಶಕನ ಹೆಸರಿಲ್ಲ, ಮಧ್ಯಂತರವಿಲ್ಲ, ‘ಶುಭಂ’ ಇಲ್ಲ. ಇಂದಿನ ಭಯವೂ ಇದೇ ಜಾತಿಯದು. 2018ರ ಜುಲೈನಲ್ಲಿ ಇದೇ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ವದಂತಿಯನ್ನು ನಂಬಿದ ಗುಂಪು ಹೈದರಾಬಾದಿನಿಂದ ಬಂದಿದ್ದ ಯುವ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದಿತು. ಆ ವರ್ಷ ದೇಶದುದ್ದಕ್ಕೂ ಮಕ್ಕಳ ಅಪಹರಣದ ‘ಸಾಕ್ಷ್ಯ’ವೆಂದು ಹರಿದಾಡಿದ ಒಂದು ವಿಡಿಯೊ, ವಾಸ್ತವದಲ್ಲಿ ಕರಾಚಿಯಲ್ಲಿ ತಯಾರಾದ ಜಾಗೃತಿ ಚಿತ್ರ. ಇದು ನಟನೆ ಎಂದು ತಿಳಿಸುವ ಕೊನೆಯ ಭಾಗವನ್ನು ಕತ್ತರಿಸಿ ಹಂಚಲಾಗಿತ್ತು. ಹೊಲಿಗೆಯನ್ನು ಬೇಕೆಂದೇ ಮರೆಮಾಚಿದ್ದರು.

ಇದರಿಂದ ಹಳೆಯ ದೆವ್ವದ ಚಿತ್ರಗಳೆಲ್ಲ ನಿರ್ದೋಷಿಗಳಾಗುವುದಿಲ್ಲ. ಯುರೋಪಿನದ್ದಿರಲಿ ಮುಂಬೈಯದ್ದಿರಲಿ, ಹೆಣ್ಣಿನ ದೇಹವನ್ನು ಸರಕಾಗಿಸುವುದರಲ್ಲಿ ಅವು ನಾಚಿಕೆಪಡಲಿಲ್ಲ. ಮಾಂತ್ರಿಕನೇ ಕೇಡಿನ ಮೂಲ, ದೈವವೇ ಪರಿಹಾರ ಎಂಬ ಸುಲಭ ಸೂತ್ರವನ್ನು ಅವು ಮತ್ತೆ ಮತ್ತೆ ಬಳಸಿದವು. ಮುಖವಾಡದ ಹೊಲಿಗೆಯನ್ನು ಗುರುತಿಸಿ ನಕ್ಕ ನಾವು ಈ ಹೊಲಿಗೆಗಳನ್ನು ಅಂದು ಗುರುತಿಸಲಿಲ್ಲ. ಚಿತ್ರಮಂದಿರದಲ್ಲಿ ಹೆಂಗಸರು ಬೆರಳೆಣಿಕೆಯಷ್ಟಿದ್ದುದೂ ನಮಗೆ ವಿಶೇಷವೆನಿಸಿರಲಿಲ್ಲ. ಆ ಚಿತ್ರಗಳನ್ನು ಪ್ರೀತಿಯಿಂದ ನೆನೆಯುವಾಗ ಇಷ್ಟನ್ನು ಒಪ್ಪಿಕೊಳ್ಳುವುದು ಪ್ರಾಮಾಣಿಕತೆ.

ತುಳಸಿ ರಾಮ್ಸೆ 2018ರಲ್ಲಿ, ಶ್ಯಾಮ್ ರಾಮ್ಸೆ 2019ರಲ್ಲಿ ತೀರಿಕೊಂಡರು. ಆ ಸವೆದ ರೀಲುಗಳ ಕಾಲವೂ ಮುಗಿಯಿತು. ಈಗ ಕಂಪ್ಯೂಟರು ಸೃಷ್ಟಿಸುವ ದೆವ್ವಕ್ಕೆ ಚರ್ಮದ ರಂಧ್ರಗಳೂ ಸ್ಪಷ್ಟ. ಎಂದೂ ನಡೆಯದ ಘಟನೆಯನ್ನು ಕಣ್ಣೆದುರು ನಡೆದಂತೆ ತೋರಿಸುವ ವಿದ್ಯೆ ಪ್ರತಿ ಕಿಸೆಯಲ್ಲೂ ಇದೆ. ಕತ್ತಲಲ್ಲಿ ನೂರಾರು ಮಂದಿಯೊಡನೆ ಕುಳಿತು ನೋಡುವ ರೂಢಿ ಮಾತ್ರ ಕಡಿಮೆಯಾಗಿದೆ. ಮೊಬೈಲಿನ ಮುಂದೆ ಒಬ್ಬನೇ ಹೆದರುವವನಿಗೆ ಮುಂದಿನ ಸಾಲಿನಲ್ಲಿ ಹಿರಿಯರಿಲ್ಲ. ‘ಕೊಳ್ಳಾಗ ನೋಡ್ರೋ’ ಎಂದು ಅವನಿಗೆ ಹೇಳುವವರು ಯಾರು?