ಕೀಳುವ ಬದಲು ಮುಚ್ಚಿದರು

ರೋಮಿನ ಸೇನಾನಿ ಗಾಯಸ್ ಮಾರಿಯಸ್ ಕಾಲಿನ ಉಬ್ಬುನರ ಕೊಯ್ಯಿಸಿಕೊಂಡ ಪ್ರಸಂಗವನ್ನು ಪ್ಲುಟಾರ್ಕ್ ಬರೆದಿಟ್ಟಿದ್ದಾನೆ. ಕಟ್ಟಿಹಾಕಲು ಬಿಡದೆ, ತುಟಿ ಪಿಟಕ್ಕೆನ್ನದೆ ಒಂದು ಕಾಲು ಒಡ್ಡಿದವನು ಇನ್ನೊಂದನ್ನು ಮಾತ್ರ ಕೊಡಲೊಪ್ಪಲಿಲ್ಲ. ಸಿಗುವ ಗುಣಕ್ಕಿಂತ ಪಡುವ ನೋವೇ ದೊಡ್ಡದೆನ್ನಿಸಿತಂತೆ.

ಕಾಲಿನ ರಕ್ತ ಹೃದಯಕ್ಕೆ ಮರಳಲು ಮೇಲಕ್ಕೇರಬೇಕು. ಏರಿದ್ದು ಜಾರದಂತೆ ಅಭಿಧಮನಿಗಳೊಳಗಿನ ಕವಾಟಗಳು ತಡೆಯುತ್ತವೆ. ಅವು ಕೆಟ್ಟರೆ ರಕ್ತ ಮಡುಗಟ್ಟಿ ನಾಳ ಉಬ್ಬಿ ಸುರುಳಿಗಟ್ಟುತ್ತದೆ. ಇದೇ ವೆರಿಕೋಸ್ ವೇನ್ಸ್. 1907ರಲ್ಲಿ ಅಮೆರಿಕದ ಬ್ಯಾಬ್‌ಕಾಕ್ ನಾಳದೊಳಗೆ ಉದ್ದನೆಯ ಸರಳು ತೂರಿಸಿ ಇಡಿಯಾಗಿ ಎಳೆದು ಕೀಳುವ ವಿಧಾನ ತಂದರು. ಶತಮಾನದುದ್ದಕ್ಕೂ ನಡೆದದ್ದು ಹೆಚ್ಚುಕಡಿಮೆ ಅದೇ. ಹೆಚ್ಚಿನ ರಕ್ತವನ್ನು ಆಳದ ನಾಳಗಳು ಒಯ್ಯುವುದರಿಂದ ಚರ್ಮದಡಿಯ ಈ ನಾಳ ಹೋದರೂ ಕಾಲು ಸೊರಗುವುದಿಲ್ಲ.

ಹಾಗಾದರೆ ಕೀಳುವುದಾದರೂ ಏಕೆ, ಇದ್ದಲ್ಲೇ ಮುಚ್ಚಿದರೆ ಸಾಲದೆ? ರಕ್ತ ಎಲ್ಲಿ ಹಿಂದಕ್ಕೆ ಸೋರುತ್ತಿದೆ ಎಂಬುದನ್ನು ಡಾಪ್ಲರ್ ಸ್ಕ್ಯಾನ್ ತೋರಿಸತೊಡಗಿದ ಮೇಲೆ ಈ ಯೋಚನೆಗೆ ಬಲ ಬಂತು. 1999ರಲ್ಲಿ ಸ್ಪೇನಿನ ಕಾರ್ಲೋಸ್ ಬೋನೆ ನಾಳದೊಳಗಿನಿಂದಲೇ ಲೇಸರ್ ಹಾಯಿಸಿದ್ದನ್ನು ವರದಿ ಮಾಡಿದರು. ರೇಡಿಯೋ ತರಂಗದ ಬಿಸಿಯಿಂದ ನಾಳ ಕುಗ್ಗಿಸುವ ಕ್ಯಾಥೆಟರ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದೂ ಆ ವರ್ಷವೇ.

ಜಾಹೀರಾತುಗಳಲ್ಲಿ ಮಿಂಚುವುದು ಲೇಸರ್. ನನ್ನ ಮಟ್ಟಿಗೆ ನಿಜವಾದ ಶ್ರೇಯ ಸಲ್ಲಬೇಕಾದದ್ದು ಉಪ್ಪುನೀರಿಗೆ. ಕ್ಯಾಲಿಫೋರ್ನಿಯಾದ ಚರ್ಮವೈದ್ಯ ಜೆಫ್ರಿ ಕ್ಲೈನ್ ಬೊಜ್ಜು ಹೀರಿ ತೆಗೆಯುವ ಚಿಕಿತ್ಸೆಗಾಗಿ ಲವಣದ್ರಾವಣದಲ್ಲಿ ಲಿಡೊಕೇನ್ ತೆಳುವಾಗಿ ಬೆರೆಸಿ ಚರ್ಮದಡಿ ತುಂಬುವ ಅರಿವಳಿಕೆಯನ್ನು 1987ರಲ್ಲಿ ಪ್ರಕಟಿಸಿದ್ದರು. ಅದನ್ನು ನಾಳದ ಸುತ್ತ ತುಂಬಿದರೆ ನೋವು ಅಡಗುತ್ತದೆ, ನಾಳ ಒತ್ತಿಕೊಂಡು ಲೇಸರ್ ತಂತುವಿಗೆ ಅಂಟುತ್ತದೆ, ಬಿಸಿ ಪಕ್ಕದ ಚರ್ಮಕ್ಕೂ ನರಕ್ಕೂ ತಾಗುವುದಿಲ್ಲ. ಇದಿಲ್ಲದಿದ್ದರೆ ಪೂರ್ತಿ ಎಚ್ಚರವಿರುವವರ ಕಾಲಿನೊಳಗೆ 120 ಡಿಗ್ರಿ ಬಿಸಿ ಕೊಟ್ಟು, ಅದೇ ದಿನ ನಡೆಸಿಕೊಂಡು ಮನೆಗೆ ಕಳಿಸುವ ಮಾತೆಲ್ಲಿ!

ಬಿಸಿಯೇ ಬೇಡವೆನ್ನುವ ದಾರಿಗಳೂ ಇವೆ. ಇಟಲಿಯ ಲೊರೆಂಜೊ ಟೆಸ್ಸಾರಿ ಎರಡು ಸಿರಿಂಜುಗಳ ನಡುವೆ ಔಷಧವನ್ನೂ ಗಾಳಿಯನ್ನೂ ಅತ್ತಿತ್ತ ದೂಡಿ ನೊರೆ ಎಬ್ಬಿಸಿದರು. ನೊರೆ ರಕ್ತವನ್ನು ಸರಿಸಿ ನಾಳದ ಒಳಗೋಡೆಯನ್ನು ಕೆಡಿಸುತ್ತದೆ, ನಾಳ ಮುಚ್ಚಿಹೋಗುತ್ತದೆ. 2015ರಲ್ಲಿ ಅಮೆರಿಕ ಒಪ್ಪಿದ ಇನ್ನೊಂದು ವಿಧಾನದಲ್ಲಿ ಸೂಪರ್ ಗ್ಲೂ ಜಾತಿಯ ಅಂಟೇ ನಾಳವನ್ನು ಬೆಸೆಯುತ್ತದೆ.

ಚಿಕಿತ್ಸೆಗಳ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2013ರಲ್ಲೇ ಬಿಸಿಯ ಚಿಕಿತ್ಸೆಗೆ ಮೊದಲ ಸ್ಥಾನ, ನೊರೆಗೆ ಎರಡನೆಯದು, ಶಸ್ತ್ರಚಿಕಿತ್ಸೆಗೆ ಮೂರನೆಯದು ಎಂದು ಹೇಳಿಬಿಟ್ಟಿತು. ಯಾವುದನ್ನೇ ಆರಿಸಿದರೂ ಮೊದಲು ಸ್ಕ್ಯಾನ್ ಆಗಬೇಕು. ಆಳದ ನಾಳಗಳೇ ಕಟ್ಟಿಕೊಂಡವರಲ್ಲಿ ರಕ್ತಕ್ಕೆ ಉಳಿದಿರುವ ದಾರಿ ಈ ಉಬ್ಬಿದ ನಾಳವೇ ಆಗಿರಬಹುದು.