ಚಂದು ನಿಜಕ್ಕೂ ಮೋಸಗಾರನೇ? ಹಳೆಯ ಕಥೆ ಹೊಸತಾಗುವ ಬಗೆ

ನಂಬಿಸಿ ಕೈಕೊಟ್ಟವನಿಗೆ ಮಲಯಾಳದಲ್ಲಿ ಸಿಗುವ ಬಿರುದು 'ಚದಿಯನ್ ಚಂದು'. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂದು ಬದುಕುವ ಕಾಸರಗೋಡು, ವಯನಾಡಿನ ಜನರಿಗೆ ಈ ಬೈಗುಳ ಹೊಸತೇನಲ್ಲ. ಉತ್ತರ ಮಲಬಾರಿನ 'ವಡಕ್ಕನ್ ಪಾಟ್ಟು'ಗಳು ತಲೆಮಾರುಗಳಿಂದ ಈ ಹೆಸರಿಗೆ ಮಸಿ ಬಳಿದಿವೆ. 1989ರಲ್ಲಿ ಬಂದ 'ಒರು ವಡಕ್ಕನ್ ವೀರಗಾಥ' ಚಿತ್ರ ಆ ಮಸಿಯನ್ನು ತೊಳೆಯಲು ಹೊರಟಿತು. ಚಿತ್ರಕಥೆ ಎಂ.ಟಿ. ವಾಸುದೇವನ್ ನಾಯರ್ ಅವರದು, ನಿರ್ದೇಶನ ಹರಿಹರನ್ ಅವರದು.

ಹಾಡಿನ ಕಥೆ ಇಷ್ಟು. ಬೇರೆಯವರ ವ್ಯಾಜ್ಯಕ್ಕಾಗಿ ಹಣ ಪಡೆದು ಕಾದುವ ಚೇಕವರ ಮನೆತನದ ಆರೋಮಲ್, ಅರಿಂಙೋಡರ್ ಎಂಬವನೊಡನೆ ಅಂಕಕ್ಕೆ ಇಳಿಯುತ್ತಾನೆ. ಜೊತೆಗಾರನಾಗಿ ಹೋದವನು ಬಂಧು ಚಂದು. ಆರೋಮಲ್‌ನ ತಂಗಿ ಉಣ್ಣಿಯಾರ್ಚೆಯನ್ನು ಬಯಸಿ ನಿರಾಶನಾದ ಅವನು ಕಮ್ಮಾರನಿಗೆ ಲಂಚ ಕೊಟ್ಟು ಕತ್ತಿಗೆ ಗಟ್ಟಿ ಆಣಿಯ ಬದಲು ಮರದ ಆಣಿ ಹಾಕಿಸುತ್ತಾನೆ. ಕತ್ತಿ ಮುರಿದರೂ ಆರೋಮಲ್ ಗೆಲ್ಲುತ್ತಾನೆ. ದಣಿದು ಚಂದುವಿನ ಮಡಿಲಲ್ಲಿ ಮಲಗಿದಾಗ ದೀಪದ ಕಂಬದಿಂದ ಗಾಯಕ್ಕೇ ತಿವಿತ! ಮುಂದೆ ಉಣ್ಣಿಯಾರ್ಚೆಯ ಮಗ ಆರೋಮಲುಣ್ಣಿ ಚಂದುವನ್ನು ಕೊಂದು ಸೇಡು ತೀರಿಸುತ್ತಾನೆ. 1961ರ 'ಉಣ್ಣಿಯಾರ್ಚ' ಚಿತ್ರ ಬಹುಮಟ್ಟಿಗೆ ಈ ಹಾದಿಯಲ್ಲೇ ನಡೆದಿತ್ತು.

ಎಂ.ಟಿ. ಮಾಡಿದ ಜಾಣತನ ಗಮನಿಸಬೇಕು. ಜನರಿಗೆ ಬಾಯಿಪಾಠವಾದ ಒಂದು ಘಟನೆಯನ್ನೂ ಅವರು ಕಿತ್ತು ಹಾಕಲಿಲ್ಲ. ಅಂಕ ನಡೆಯುತ್ತದೆ, ಆಣಿ ಬದಲಾಗಿದೆ, ಕತ್ತಿ ಮುರಿಯುತ್ತದೆ, ಆರೋಮಲ್ ಸಾಯುವುದು ದೀಪದ ಕಂಬದಿಂದಲೇ. ಆದರೆ ಆಣಿ ಬದಲಿಸಿದ ಕೈ ಚಂದುವಿನದಲ್ಲ. ಸಂಶಯಪಟ್ಟು ಮೈಮೇಲೆ ಬಿದ್ದ ಆರೋಮಲ್ ನೂಕಾಟದಲ್ಲಿ ತಾನೇ ಕಂಬದ ಮೇಲೆ ಬೀಳುತ್ತಾನೆ. ಕಂಡವರಿಲ್ಲ, ನಂಬುವವರಿಲ್ಲ. ಕೊನೆಗೆ ಚಂದು ಹುಡುಗರನ್ನು ಕೊಲ್ಲದೆ ತನ್ನ ಕೈಯಿಂದಲೇ ಸಾಯುತ್ತಾನೆ. ಹಾಡೂ ಸುಳ್ಳಾಗಲಿಲ್ಲ, ಅದು ಊರಿನವರು ಅರಿತಷ್ಟು ಕಥೆ ಎಂದಾಯಿತು. ಚಂದುವಾದ ಮಮ್ಮೂಟ್ಟಿಗೂ ಚಿತ್ರಕಥೆಗೂ ರಾಷ್ಟ್ರಪ್ರಶಸ್ತಿ ಬಂತು.

ತಾಳಮದ್ದಳೆ ಕೇಳಿ ಬೆಳೆದವರಿಗೆ ಈ ಉಪಾಯ ಅಪರಿಚಿತವಲ್ಲ. ಭಾಗವತರ ಪದ್ಯ ಬದಲಾಗುವಂತಿಲ್ಲ, ವಾಲಿ ಬೀಳಲೇಬೇಕು. ಆದರೆ ಮರೆಯಿಂದ ಬಂದ ಬಾಣಕ್ಕೆ ವಾಲಿ ಯಾವ ಪ್ರಶ್ನೆ ಕೇಳುತ್ತಾನೆ ಎಂಬುದು ಅರ್ಥಧಾರಿಗೆ ಬಿಟ್ಟದ್ದು. ಕಾಸರಗೋಡಿನ ನೆಲದವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರು (1918-2006) ವಾಲಿ, ರಾವಣರ ಪರವಾಗಿ ವಾದಕ್ಕೆ ಕುಳಿತರೆ, ಸೋಲುವವನ ಮಾತಿಗೇ ಜನ ತಲೆದೂಗುತ್ತಿದ್ದರು. ಪದ್ಯ ಅದೇ, ಅರ್ಥ ಬೇರೆ.

ಎಂ.ಟಿ. ಅವರಿಗೂ ಇದು ಮೊದಲ ಪ್ರಯೋಗವಲ್ಲ. 1984ರ 'ರಂಡಾಮೂಳಂ' ಕಾದಂಬರಿಯಲ್ಲಿ ಮಹಾಭಾರತವನ್ನು ಸದಾ ಎರಡನೆಯವನಾಗಿ ಉಳಿದ ಭೀಮನ ಕಣ್ಣಿನಿಂದ ಕಂಡಿದ್ದರು. ಕನ್ನಡದಲ್ಲಿ ಎಸ್.ಎಲ್. ಭೈರಪ್ಪನವರ 'ಪರ್ವ' 1979ರಲ್ಲೇ ಬಂದಿತ್ತು. ಅಲ್ಲಿ ಶಾಪ, ವರ, ಪವಾಡಗಳನ್ನು ಬದಿಗಿಟ್ಟು ಮನುಷ್ಯರನ್ನಷ್ಟೇ ಉಳಿಸಿಕೊಳ್ಳಲಾಯಿತು. ಎಂ.ಟಿ. 2024ರ ಡಿಸೆಂಬರ್‌ನಲ್ಲಿ, ಭೈರಪ್ಪ 2025ರ ಸೆಪ್ಟೆಂಬರ್‌ನಲ್ಲಿ ಅಗಲಿದರು.

ಇಷ್ಟಾಗಿಯೂ 'ವೀರಗಾಥ'ದ ಲೆಕ್ಕದಲ್ಲಿ ಒಂದು ಬಾಕಿ ಇದೆ. ಹಾಡುಗಳಲ್ಲಿ ಉಣ್ಣಿಯಾರ್ಚೆ ಹೊಂಚುಹಾಕಿದ ಪುಂಡರ ಎದುರು ಒಂಟಿಯಾಗಿ ಕತ್ತಿ ಹಿಡಿದು ನಿಂತವಳು, ಗಂಡ ನಡುಗಿದಾಗಲೂ ನಡುಗದವಳು. ಚಿತ್ರದಲ್ಲಿ ಅವಳು ಒಲಿದಂತೆ ನಟಿಸಿ ಕೈಬಿಡುವ ಹೆಣ್ಣಾದಳು. ಚಂದುವನ್ನು ಮೇಲೆತ್ತಲು ಅವಳನ್ನು ಕೆಳಗಿಳಿಸಬೇಕಿತ್ತೇ? 2025ರ ಫೆಬ್ರವರಿಯಲ್ಲಿ ಚಿತ್ರ ಮತ್ತೆ ತೆರೆಗೆ ಬಂದಾಗ ಹೊಸ ಪ್ರೇಕ್ಷಕರು ಕಂಡದ್ದೂ ಚಂದುವಿನ ಪಾಲಿನ ಕಥೆಯನ್ನೇ. ಉಣ್ಣಿಯಾರ್ಚೆಯ ಪಾಲು ಕೇಳಬೇಕಾದರೆ ಆ ಹಳೆಯ ಹಾಡುಗಳಿಗೇ ಮರಳಬೇಕು.