ಕ್ರೋಂಪೇಟೆಯ ಹೆಸರಿನಲ್ಲಿರುವ ಲೋಹ

ಬೀಚಿನಿಂದ ತಾಂಬರಕ್ಕೆ ರೈಲಿನಲ್ಲಿ ಓಡಾಡುವ ನಮ್ಮ ವಾಚಕರೆಲ್ಲ ಕ್ರೋಂಪೇಟೆ ನಿಲ್ದಾಣವನ್ನು ಬಲ್ಲರು. ಊರಿಗೆ ಆ ಹೆಸರು ಬಂದದ್ದು ಅಲ್ಲಿದ್ದ ಕ್ರೋಮ್ ಲೆದರ್ ಕಾರ್ಖಾನೆಯಿಂದ. ಕಾರ್ಖಾನೆಗೆ ಹೆಸರು ಬಂದದ್ದು ಕ್ರೋಮಿಯಂ ಎಂಬ ಲೋಹದಿಂದ. ಈ ಲೋಹ ನಮಗೆ ದೂರದ್ದೇನೂ ಅಲ್ಲ. ಹಾಸನ ಜಿಲ್ಲೆಯ ಬೈರಾಪುರದಲ್ಲಿ ಅದರ ಅದಿರನ್ನು ಅಗೆದು ತೆಗೆದಿದ್ದಾರೆ.

ಕಬ್ಬಿಣ, ಮ್ಯಾಂಗನೀಸು, ಕ್ರೋಮಿಯಂ ಮೊದಲಾದವು ಸಂಕ್ರಮಣ ಲೋಹಗಳೆಂಬ ಗುಂಪಿಗೆ ಸೇರಿದವು. ಅಡಿಗೆ ಉಪ್ಪಿನಲ್ಲಿರುವ ಸೋಡಿಯಂ ಬೇರೆ ಧಾತುವಿನೊಡನೆ ಕೂಡುವಾಗ ಒಂದೇ ಒಂದು ಎಲೆಕ್ಟ್ರಾನನ್ನು ಕೊಡುತ್ತದೆ. ಸಂಕ್ರಮಣ ಲೋಹಗಳು ಹಾಗಲ್ಲ. ಹೊರಸುತ್ತಿನ ಎಲೆಕ್ಟ್ರಾನುಗಳ ಜೊತೆಗೆ ಒಳಸುತ್ತಿನವನ್ನೂ ಕೊಡಬಲ್ಲವು. ಆದುದರಿಂದಲೇ ಒಂದೇ ಲೋಹಕ್ಕೆ ಹಲವು ಸ್ಥಿತಿ, ಹಲವು ಬಣ್ಣ. ಮೂರು ಎಲೆಕ್ಟ್ರಾನು ಕೊಟ್ಟ ಕ್ರೋಮಿಯಂ ಸಾಮಾನ್ಯವಾಗಿ ಹಸಿರು. ಆರು ಕೊಟ್ಟದ್ದು ಹಳದಿ ಇಲ್ಲವೆ ಕಿತ್ತಳೆ. ಗ್ರೀಕ್ ಭಾಷೆಯಲ್ಲಿ ಬಣ್ಣಕ್ಕಿರುವ ಪದದಿಂದಲೇ ಇದರ ಹೆಸರು ಹುಟ್ಟಿತು.

ಚರ್ಮ ಹದಮಾಡಲು ಬೇಕಾದದ್ದು ಮೂರರ ಕ್ರೋಮಿಯಂ. ಅದು ಚರ್ಮದ ನಾರುಗಳನ್ನು ಒಂದಕ್ಕೊಂದು ಬಿಗಿದು, ಕೊಳೆಯದಂತೆ ಕಾಯುತ್ತದೆ. ತಂಗಡಿ ತೊಗಟೆಯ ನೀರಿನಲ್ಲಿ ವಾರಗಟ್ಟಲೆ ನೆನೆಯಬೇಕಾದ ತೊಗಲು ಇದರಿಂದ ಒಂದೆರಡು ದಿನಗಳಲ್ಲೇ ಹದಕ್ಕೆ ಬರುತ್ತದೆ. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಮದರಾಸಿನಲ್ಲಿ ಈ ವಿಧಾನಕ್ಕೆ ದಾರಿ ಮಾಡಿದವರು ಆಲ್ಫ್ರೆಡ್ ಚಾಟರ್ಟನ್. ವಿಶ್ವೇಶ್ವರಯ್ಯನವರ ದಿವಾನಗಿರಿಯ (೧೯೧೨-೧೮) ಕಾಲದಲ್ಲಿ ಅವರು ಮೈಸೂರಿನ ಕೈಗಾರಿಕಾ ನಿರ್ದೇಶಕರೂ ಆಗಿದ್ದರು. ಅಡಯಾರಿನ ಕೇಂದ್ರ ಚರ್ಮ ಸಂಶೋಧನಾಲಯ ಹುಟ್ಟಿದ್ದು ೧೯೪೮ರಲ್ಲಿ.

ಆದರೆ ಆರರ ಕ್ರೋಮಿಯಂ ವಿಷ. ನೀರಿನಲ್ಲಿ ಸುಲಭವಾಗಿ ಕರಗಿ ಜೀವಕೋಶಗಳ ಒಳಹೊಗುತ್ತದೆ. ಕೈಗೆ ತಗಲಿದರೆ ಹುಣ್ಣು. ಅದರ ಧೂಳನ್ನು, ತುಂತುರನ್ನು ವರ್ಷಗಟ್ಟಲೆ ಉಸಿರಾಡಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ಬರಬಹುದು. ರಾಣಿಪೇಟೆಯಲ್ಲಿ ಕ್ರೋಮೇಟ್ ತಯಾರಿಕೆಯ ಕಸದಿಂದ ಅಂತರ್ಜಲಕ್ಕೆ ಇಳಿದು ಊರಿನವರನ್ನು ಕಂಗೆಡಿಸಿದ್ದು ಇದೇ.

ನಮ್ಮವರಲ್ಲಿ ಅನೇಕರು ಕ್ರೋಮ್ ಪ್ಲೇಟಿಂಗ್ ಅಂಗಡಿಗಳಲ್ಲಿಯೂ ಕಟ್ಟಡದ ಕೆಲಸದಲ್ಲಿಯೂ ಇದ್ದಾರೆ. ಪ್ಲೇಟಿಂಗ್ ತೊಟ್ಟಿಯಲ್ಲಿ ಬಹುಮಟ್ಟಿಗೆ ಆರರ ಕ್ರೋಮಿಯಮ್ಮೇ ಇರುತ್ತದೆ. ಹಸಿ ಸಿಮೆಂಟಿನಲ್ಲಿಯೂ ಅದು ಲೇಶಮಾತ್ರ ಇರುವುದರಿಂದ ಕೆಲವರ ಕೈಗೆ ಬಿಡದ ಕಜ್ಜಿ ಹತ್ತುತ್ತದೆ. ರಬ್ಬರು ಕೈಚೀಲ ಹಾಕಿಕೊಳ್ಳಬೇಕು; ಊಟಕ್ಕೆ ಮುಂಚೆ ಸೋಪು ಹಚ್ಚಿ ಕೈ ತೊಳೆಯಬೇಕು; ತೊಟ್ಟಿಯ ಹತ್ತಿರ ಬುತ್ತಿ ಬಿಚ್ಚಬಾರದು. ಹಳದಿ ಬಣ್ಣ ಕಂಡರೆ ಎಚ್ಚರ ಬೇಕು, ಆದರೆ ಬಣ್ಣ ಕಾಣದಿದ್ದ ಮಾತ್ರಕ್ಕೆ ನೀರು ಶುದ್ಧವೆಂದು ನಂಬಬಾರದು.

ಹಾಗೆಂದು ಮನೆಯ ಸ್ಟೀಲ್ ಲೋಟಕ್ಕೆ ಹೆದರಬೇಕಾಗಿಲ್ಲ. ಅದರಲ್ಲಿರುವ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಕೂಡಿ ತೆಳುವಾದ ಪೊರೆ ಕಟ್ಟಿ, ಚೆನ್ನೈಯ ಉಪ್ಪುಗಾಳಿಯಲ್ಲಿಯೂ ತುಕ್ಕನ್ನು ತಡೆಯುತ್ತದೆ. ಲೋಹ ಒಂದೇ, ಸ್ಥಿತಿ ಬೇರೆ. ಈ ಭೇದವನ್ನು ಓದಿ ತಿಳಿದವರು ಓದಲಾರದ ಜೊತೆಗಾರರಿಗೂ ತಿಳಿಸಬೇಕೆಂದು ಕೋರುತ್ತೇವೆ.